ಹಳೇ ಕ್ಯಾನನ್ ಕ್ಯಾಮೆರಾಕ್ಕೆ ಮ್ಯಾಜಿಕ್ ಲ್ಯಾಂಟರ್ನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇವತ್ತಿಗೂ ಬಳಸುವುದು ಕ್ಯಾನನ್ 550ಡಿ. 2010ರಲ್ಲಿ ಮಾರುಕಟ್ಟೆಗೆ ಬಂದ ಕ್ಯಾಮೆರಾ, ನನ್ನ ಕೈಗೆ ಸೆಕೆಂಡ್ ಹ್ಯಾಂಡ್ ಆಗಿ ಬಂತು. ಅದರ ಡಿಲೀಟ್ ಬಟನ್ ಒತ್ತಿದಾಗ ಬೇರೆಯದೇ ಒಂದು ಮೆನು ತೆರೆದುಕೊಳ್ಳುತ್ತದೆ. ಕ್ಯಾನನ್ ಅಲ್ಲದ ಹೊರಗಿನವರು ಬರೆದ ಮ್ಯಾಜಿಕ್ ಲ್ಯಾಂಟರ್ನ್ ಎಂಬ ಸಾಫ್ಟ್‌ವೇರ್‌ನ ಮೆನು ಅದು. ಅದನ್ನು ನೋಡಿದ ಗೆಳೆಯರು ಕೇಳುವ ಮೊದಲ ಮಾತು ಒಂದೇ: "ಇದು ಎಲ್ಲಿಂದ ಬಂತು? ನನ್ನ ಕ್ಯಾಮೆರಾದಲ್ಲಿ ಇಲ್ವಲ್ಲ!" ಆಮೇಲೆ ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಕ್ಯಾಮೆರಾ ಹಳೆಯದಾಯಿತು ಅಂತ ಮಾರಲು ಹೊರಟವರು ದಯವಿಟ್ಟು ಒಮ್ಮೆ ಓದಿ.

ಫರ್ಮ್‌ವೇರ್ ಅಂದರೆ ಏನು? ಹೊರಗಿನವರ ಫರ್ಮ್‌ವೇರ್ ಅಂದರೆ?

ಡಿಜಿಟಲ್ ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಚಿಕ್ಕ ಕಂಪ್ಯೂಟರ್ ಇದೆ. ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಬೆಳಕು ಹಿಡಿಯುವ ಸೆನ್ಸರ್‌ನಿಂದ ಬಂದದ್ದನ್ನು ಕಾರ್ಡಿಗೆ ಹೇಗೆ ಬರೆಯಬೇಕು, ಮೆನುವಿನಲ್ಲಿ ಏನೇನು ಕಾಣಿಸಬೇಕು, ಎಲ್ಲವನ್ನೂ ನೋಡಿಕೊಳ್ಳುವ ಸಾಫ್ಟ್‌ವೇರ್‌ಗೆ ಫರ್ಮ್‌ವೇರ್ ಅನ್ನುತ್ತಾರೆ. ಇದನ್ನು ಬರೆಯುವುದು ಕ್ಯಾಮೆರಾ ಮಾಡಿದ ಕಂಪನಿ. ಕಂಪನಿಗೆ ಸಂಬಂಧವೇ ಇಲ್ಲದ ಪ್ರೋಗ್ರಾಮರ್‌ಗಳು ಅದು ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ನೋಡಿ, ಹೊಸ ಸೌಲಭ್ಯಗಳನ್ನು ಬರೆದು ಕೊಟ್ಟರೆ ಅದು ಹೊರಗಿನವರ ಫರ್ಮ್‌ವೇರ್.

ಇಂಥವು ಯಾವ್ಯಾವುವು ಇವೆ?

ಕ್ಯಾನನ್ ಪವರ್‌ಶಾಟ್ ಥರದ ಚಿಕ್ಕ ಕ್ಯಾಮೆರಾಗಳಿಗೆ ಸಿಎಚ್‌ಡಿಕೆ ಇದೆ. ಲೆನ್ಸ್ ಬದಲಿಸಬಹುದಾದ ಕ್ಯಾನನ್ ಡಿಎಸ್‌ಎಲ್‌ಆರ್‌ಗಳಿಗೆ ಮ್ಯಾಜಿಕ್ ಲ್ಯಾಂಟರ್ನ್. ಪ್ಯಾನಸಾನಿಕ್ ಜಿಎಚ್1, ಜಿಎಚ್2 ಕ್ಯಾಮೆರಾಗಳ ಫರ್ಮ್‌ವೇರ್ ತಿದ್ದಿ ವಿಡಿಯೊ ಗುಣಮಟ್ಟ ಏರಿಸುವ ಸಾಧನವೂ ಒಂದು ಕಾಲಕ್ಕೆ ತುಂಬಾ ಹೆಸರು ಮಾಡಿತ್ತು. ಸೋನಿಯ ಕೆಲವು ಮಾಡೆಲ್‌ಗಳಿಗೆ ಓಪನ್ ಮೆಮೊರೀಸ್ ಇದೆ. ಜಪಾನ್‌ನಲ್ಲಿ ಮಾರಿದ ಹೆಚ್ಚಿನ ಸೋನಿ ಕ್ಯಾಮೆರಾಗಳಲ್ಲಿ ಮೆನು ಜಪಾನೀ ಭಾಷೆಯಲ್ಲಿ ಮಾತ್ರ ಇರುತ್ತದೆ. ಅಲ್ಲಿಂದ ತರಿಸಿಕೊಂಡವರಿಗೆ ಇಂಗ್ಲಿಷ್ ಮೆನು ಸಿಗುವುದು ಇದರಿಂದಲೇ.

ಈ ಬರಹದಲ್ಲಿ ಜಾಸ್ತಿ ಹೇಳುವುದು ಮ್ಯಾಜಿಕ್ ಲ್ಯಾಂಟರ್ನ್ ಬಗ್ಗೆ. ನಾನು ವರ್ಷಗಟ್ಟಲೆ ಬಳಸಿರುವುದು ಅದನ್ನೇ. 2009ರಲ್ಲಿ ಟ್ರಾಮೆಲ್ ಹಡ್ಸನ್ ಎಂಬ ಪ್ರೋಗ್ರಾಮರ್ ಕ್ಯಾನನ್ 5ಡಿ ಮಾರ್ಕ್ 2ಗಾಗಿ ಇದನ್ನು ಶುರು ಮಾಡಿದರು. ಕಡಿಮೆ ಖರ್ಚಿನಲ್ಲಿ ಸಿನಿಮಾ ಮಾಡುವವರಿಗೆ ಬೇಕಾದ ಆಡಿಯೊ ಹಿಡಿತ ಆ ಕ್ಯಾಮೆರಾದಲ್ಲಿ ಇರಲಿಲ್ಲ. ಅದನ್ನು ಸೇರಿಸಲು ಹೊರಟದ್ದು ಇಷ್ಟು ದೊಡ್ಡದಾಗಿ ಬೆಳೆಯಿತು.

ಕ್ಯಾಮೆರಾದಲ್ಲಿ ಇಷ್ಟೆಲ್ಲ ಶಕ್ತಿ ಇದ್ದರೆ ಕಂಪನಿಯೇ ಯಾಕೆ ಕೊಡಲಿಲ್ಲ?

ಒಂದೇ ಕಾರಣ ಇಲ್ಲ. ಕಡಿಮೆ ಬೆಲೆಯ ಮಾಡೆಲ್‌ಗೂ ದುಬಾರಿ ಮಾಡೆಲ್‌ಗೂ ವ್ಯತ್ಯಾಸ ಇರಬೇಕಲ್ವಾ, ಅದು ವ್ಯಾಪಾರದ ಲೆಕ್ಕ. ಲಕ್ಷಾಂತರ ಜನರಿಗೆ ಕೊಡುವಾಗ ಪ್ರತಿಯೊಂದನ್ನೂ ಪರೀಕ್ಷಿಸಿ ಕೊಡಬೇಕು, ಅದೂ ಸುಲಭವಲ್ಲ. ಇನ್ನು ಕೆಲವು ಮಿತಿಗಳು ತೆರಿಗೆಯಿಂದ ಬಂದವು. ಮೂವತ್ತು ನಿಮಿಷ ರೆಕಾರ್ಡ್ ಮಾಡಬಲ್ಲ ಸಾಧನವನ್ನು ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾ ಎಂದು ಲೆಕ್ಕ ಹಾಕಿ ಸುಂಕ ಹಾಕುತ್ತಿದ್ದರು. ಅದಕ್ಕೇ ಎಷ್ಟೋ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ನಿಂತುಬಿಡುತ್ತವೆ.

5ಡಿ ಮಾರ್ಕ್ 2 ಮೊದಲು ಬಂದಾಗ ಸೆಕೆಂಡಿಗೆ 30 ಫ್ರೇಮ್ ವಿಡಿಯೊ ಮಾತ್ರ ಕೊಡುತ್ತಿತ್ತು. ಸಿನಿಮಾದವರಿಗೆ ಬೇಕಾದ 24 ಫ್ರೇಮ್ ಬಂದದ್ದು 2010ರಲ್ಲಿ, ಕ್ಯಾನನ್ನಿನದೇ ಹೊಸ ಫರ್ಮ್‌ವೇರ್‌ನಿಂದ. ಕ್ಯಾಮೆರಾ ಅದೇ. ಒಳಗೆ ಒಂದು ಸ್ಕ್ರೂ ಕೂಡ ಬದಲಾಗಲಿಲ್ಲ. ಮೆನುವಿನಲ್ಲಿ ಇಲ್ಲ ಅಂದ ಮಾತ್ರಕ್ಕೆ ಕ್ಯಾಮೆರಾದ ಕೈಲಿ ಆಗಲ್ಲ ಅಂತ ಅಲ್ಲ. ಇದು ನನ್ನ ತಲೆಗೆ ಹೊಕ್ಕಿದ್ದು ಆ ಕಥೆ ಓದಿದಾಗ.

ನನ್ನ ಕ್ಯಾಮೆರಾದ ಮೂಲ ಫರ್ಮ್‌ವೇರ್ ಅಳಿಸಿಹೋಗುತ್ತಾ?

ಇಲ್ಲ. ಮ್ಯಾಜಿಕ್ ಲ್ಯಾಂಟರ್ನ್ ಇರುವುದು ಮೆಮೊರಿ ಕಾರ್ಡಿನಲ್ಲಿ. ಕ್ಯಾಮೆರಾ ಆನ್ ಮಾಡಿದಾಗ ಕ್ಯಾನನ್ ಫರ್ಮ್‌ವೇರ್ ಜೊತೆಗೆ ಅದೂ ಮೆಮೊರಿಗೆ ಬಂದು ಕೂರುತ್ತದೆ. ಅದಿಲ್ಲದ ಬೇರೆ ಕಾರ್ಡ್ ಹಾಕಿದರೆ ಕ್ಯಾಮೆರಾ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೆಯೇ ಇರುತ್ತದೆ.

ಕ್ಯಾಮೆರಾದ ಒಳಗೆ ಬದಲಾಗುವುದು ಒಂದೇ ಒಂದು ಚಿಕ್ಕ ಗುರುತು. "ಆನ್ ಆದಾಗ ಕಾರ್ಡಿನಲ್ಲಿ ಏನಾದರೂ ಇದೆಯಾ ನೋಡು" ಎಂದು ಹೇಳುವ ಗುರುತು ಅದು. ಬೂಟ್ ಫ್ಲ್ಯಾಗ್ ಅನ್ನುತ್ತಾರೆ. ಬೇಡ ಅನ್ನಿಸಿದರೆ ಅದನ್ನೂ ತೆಗೆಯಬಹುದು. ಆದರೆ ಪ್ಯಾನಸಾನಿಕ್ ಜಿಎಚ್2 ಥರದ ಕ್ಯಾಮೆರಾಗಳಲ್ಲಿ ಲೆಕ್ಕ ಬೇರೆ. ಅಲ್ಲಿ ತಿದ್ದಿದ ಫರ್ಮ್‌ವೇರ್ ಕ್ಯಾಮೆರಾದ ಒಳಗೇ ಬರೆಯಲ್ಪಡುತ್ತದೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ನಾನು ಬರೀ ಫೋಟೋ ತೆಗೆಯುವವನು. ನನಗೇನು ಉಪಯೋಗ?

ಮೊದಲನೆಯದು ಇಂಟರ್ವಲೋಮೀಟರ್. ಇಷ್ಟು ಸೆಕೆಂಡಿಗೆ ಒಂದು ಫೋಟೋ ಅಂತ ಹೇಳಿಬಿಟ್ಟರೆ ಕ್ಯಾಮೆರಾ ತನ್ನಷ್ಟಕ್ಕೆ ತೆಗೆಯುತ್ತಾ ಹೋಗುತ್ತದೆ. 550ಡಿಯಲ್ಲಷ್ಟೇ ಅಲ್ಲ, ದುಬಾರಿ 5ಡಿ ಮಾರ್ಕ್ 3ರಲ್ಲೂ ಇದು ಕಂಪನಿಯಿಂದ ಬಂದಿಲ್ಲ. ಹೊರಗಿನಿಂದ ರಿಮೋಟ್ ಕೊಂಡು ಸಿಕ್ಕಿಸಬೇಕಿತ್ತು.

ನಮ್ಮ ಮನೆಯ ತಾರಸಿಯ ಬ್ರಹ್ಮಕಮಲ ಅರಳುವುದನ್ನು ಹಿಡಿಯಲು ನಾನು ಇದನ್ನು ಬಳಸಿದೆ. ಸಂಜೆ ಏಳರಿಂದ ರಾತ್ರಿ ಹನ್ನೆರಡರವರೆಗೆ, ಹದಿನೈದು ಸೆಕೆಂಡಿಗೆ ಒಂದು ಫೋಟೋ. ಐದು ಗಂಟೆಗೆ 1200 ಫೋಟೋ. ಸೆಕೆಂಡಿಗೆ 25 ಫ್ರೇಮ್‌ನಂತೆ ಜೋಡಿಸಿದರೆ 48 ಸೆಕೆಂಡಿನ ವಿಡಿಯೊ. ಲೆಕ್ಕ ಸರಿಯಾಗಿತ್ತು, ಬ್ಯಾಟರಿಯ ಲೆಕ್ಕ ಹಾಕಿರಲಿಲ್ಲ. ಹತ್ತೂವರೆಗೆ ಕ್ಯಾಮೆರಾ ಆರಿಹೋಗಿತ್ತು, ಹೂವು ಅರ್ಧ ಅರಳಿತ್ತು. ನಾನು ಒಳಗೆ ಊಟ ಮುಗಿಸಿ ಮಾತಾಡುತ್ತಾ ಕೂತಿದ್ದೆ. ಆ ಗಿಡದಲ್ಲಿ ಆ ವರ್ಷ ಬಿಟ್ಟದ್ದು ಅದೊಂದೇ ಹೂವು. ಮುಂದಿನ ಮಳೆಗಾಲದವರೆಗೆ ಕಾಯಬೇಕಾಯಿತು. ಈಗ ಇಂಥ ಉದ್ದದ ಟೈಮ್‌ಲ್ಯಾಪ್ಸ್ (ಫೋಟೋ ಜೋಡಿಸಿ ಮಾಡುವ ವಿಡಿಯೊ) ಇದ್ದರೆ ಬ್ಯಾಟರಿ ಜಾಗಕ್ಕೆ ಹಾಕುವ ಡಮ್ಮಿ ಬ್ಯಾಟರಿ ಬಳಸಿ ಕರೆಂಟಿನಿಂದಲೇ ನಡೆಸುತ್ತೇನೆ. ನೀವೂ ಹಾಗೇ ಮಾಡಿ.

ಎರಡನೆಯದು ಬಲ್ಬ್ ಟೈಮರ್. ಕ್ಯಾನನ್‌ನಲ್ಲಿ ಮೂವತ್ತು ಸೆಕೆಂಡಿಗಿಂತ ಉದ್ದದ ಎಕ್ಸ್‌ಪೋಶರ್ (ಸೆನ್ಸರ್ ಮೇಲೆ ಬೆಳಕು ಬೀಳಲು ಬಿಡುವುದು) ಬೇಕಾದರೆ ಬಟನ್ ಒತ್ತಿ ಹಿಡಿದೇ ಇರಬೇಕು. ಇಲ್ಲಿ ನಾಲ್ಕು ನಿಮಿಷ ಅಂದರೆ ಸರಿಯಾಗಿ ನಾಲ್ಕು ನಿಮಿಷ. ನಕ್ಷತ್ರಗಳ ಫೋಟೋ ತೆಗೆಯುವವರಿಗೆ ಇದರ ಬೆಲೆ ಗೊತ್ತು.

ಮೂರನೆಯದು ಬ್ರ್ಯಾಕೆಟಿಂಗ್, ಅಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಬೆಳಕಿನ ಮಟ್ಟದಲ್ಲಿ ಸಾಲಾಗಿ ತೆಗೆಯುವುದು. 550ಡಿ ತಾನಾಗಿ ಕೊಡುವುದು ಮೂರು ಎಕ್ಸ್‌ಪೋಶರ್ ಮಾತ್ರ. ಮ್ಯಾಜಿಕ್ ಲ್ಯಾಂಟರ್ನ್ ಒಂಬತ್ತರವರೆಗೆ ಕೊಡುತ್ತದೆ. ಎಷ್ಟು ಬೇಕು ಎಂದು ಕ್ಯಾಮೆರಾವೇ ನೋಡಿ ನಿರ್ಧರಿಸುವ ಆಯ್ಕೆಯೂ ಇದೆ.

ಫೋಕಸ್ ಸ್ಟ್ಯಾಕಿಂಗ್ ನನಗೆ ತುಂಬಾ ಇಷ್ಟ. ಮಳೆಗಾಲದಲ್ಲಿ ಮರದ ಬುಡದ ಪುಟ್ಟ ಅಣಬೆಯ ಹತ್ತಿರ ಹೋಗಿ ಫೋಟೋ ತೆಗೆದರೆ ಅಣಬೆಯ ಮುಂಭಾಗ ಸ್ಪಷ್ಟ, ಹಿಂಭಾಗ ಮಸುಕು. ಕ್ಯಾಮೆರಾಕ್ಕೆ ಶುರು ಎಲ್ಲಿ, ಕೊನೆ ಎಲ್ಲಿ ಎಂದು ತೋರಿಸಿದರೆ ಅದು ತಾನಾಗಿ ಲೆನ್ಸ್‌ನ ಫೋಕಸ್ ಅನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಒಂದೊಂದು ಫೋಟೋ ತೆಗೆಯುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಒಂದು ಮಾಡಿಕೊಂಡರೆ ಇಡೀ ಅಣಬೆ ಸ್ಪಷ್ಟ. ಟ್ರೈಪಾಡ್ ಬೇಕೇ ಬೇಕು. ಆಟೋಫೋಕಸ್ ಲೆನ್ಸ್ ಆಗಿರಬೇಕು.

ಇನ್ನೊಂದು, ರಾ ಹಿಸ್ಟೋಗ್ರಾಮ್. ಹಿಸ್ಟೋಗ್ರಾಮ್ ಅಂದರೆ ಚಿತ್ರದಲ್ಲಿ ಕತ್ತಲು, ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ. ರಾ ಅಂದರೆ ಸೆನ್ಸರ್ ಕೊಟ್ಟದ್ದನ್ನು ತಿದ್ದದೆ ಉಳಿಸಿದ ಫೈಲ್, ಜೆಪೆಗ್ ಅಂದರೆ ಕ್ಯಾಮೆರಾವೇ ತಿದ್ದಿ ಚಿಕ್ಕದು ಮಾಡಿದ್ದು. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ ಜೆಪೆಗ್ ಚಿತ್ರದ್ದು. ನೀವು ರಾ ತೆಗೆಯುತ್ತಿದ್ದರೂ ಅದು ಜೆಪೆಗ್ ಲೆಕ್ಕವನ್ನೇ ಹೇಳುತ್ತದೆ. ಆಕಾಶ ಸುಟ್ಟುಹೋಯಿತು ಎಂದು ಹೆದರಿ ನಾವು ಎಕ್ಸ್‌ಪೋಶರ್ ತಗ್ಗಿಸಿಬಿಡುತ್ತೇವೆ. ನಿಜವಾಗಿ ಸೆನ್ಸರ್‌ನಲ್ಲಿ ಇನ್ನೂ ಜಾಗ ಇರುತ್ತದೆ. ಮ್ಯಾಜಿಕ್ ಲ್ಯಾಂಟರ್ನ್ ತೋರಿಸುವುದು ಸೆನ್ಸರ್‌ನ ನಿಜ ಲೆಕ್ಕ. ಇದೊಂದನ್ನು ಅರ್ಥ ಮಾಡಿಕೊಂಡ ಮೇಲೆ ನನ್ನ ಫೋಟೋಗಳ ನೆರಳಿನ ಭಾಗದಲ್ಲಿ ನಾಯ್ಸ್ (ಮರಳು ಚೆಲ್ಲಿದಂಥ ಚುಕ್ಕೆಗಳು) ಗಣನೀಯವಾಗಿ ಕಡಿಮೆಯಾಯಿತು.

ಡ್ಯುಯಲ್ ಐಎಸ್ಒ ಅಂತಾರಲ್ಲ, ಅದೇನು?

ಐಎಸ್ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ. ಡ್ಯುಯಲ್ ಐಎಸ್ಒ 2013ರಲ್ಲಿ ಬಂತು. ಬೇಲೂರಿನ ದೇವಸ್ಥಾನದ ನವರಂಗದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಒಳಗೆ ಕತ್ತಲು, ಕಂಬಗಳ ಕೆತ್ತನೆ ಕಷ್ಟಪಟ್ಟು ಕಾಣುತ್ತದೆ. ಬಾಗಿಲ ಆಚೆ ಉರಿಬಿಸಿಲು. ಕಂಬಕ್ಕೆ ಎಕ್ಸ್‌ಪೋಶರ್ ಇಟ್ಟರೆ ಬಾಗಿಲು ಬಿಳಿ ತೇಪೆ. ಬಾಗಿಲಿಗೆ ಇಟ್ಟರೆ ಕಂಬ ಕಪ್ಪು. ಟ್ರೈಪಾಡ್ ಇಟ್ಟು ಹಲವು ಫೋಟೋ ತೆಗೆದು ಸೇರಿಸೋಣ ಅಂದರೆ ಇಂಥ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು.

ಡ್ಯುಯಲ್ ಐಎಸ್ಒ ಒಂದೇ ಫೋಟೋದಲ್ಲಿ ಎರಡನ್ನೂ ಹಿಡಿಯುತ್ತದೆ. ಸೆನ್ಸರ್‌ನ ಎರಡು ಸಾಲುಗಳನ್ನು ಐಎಸ್ಒ 100ರಲ್ಲಿ, ಮುಂದಿನ ಎರಡು ಸಾಲುಗಳನ್ನು 800 ಅಥವಾ 1600ರಲ್ಲಿ ಓದುತ್ತದೆ. ಹೀಗೇ ಕೊನೆಯವರೆಗೆ. ಬೆಳಕಿನ ವಿವರ ಒಂದರಿಂದ, ನೆರಳಿನ ವಿವರ ಇನ್ನೊಂದರಿಂದ. 5ಡಿ ಮಾರ್ಕ್ 3ರಲ್ಲಿ ಇದರಿಂದ ಮೂರು ಸ್ಟಾಪ್‌ನಷ್ಟು ಹೆಚ್ಚಿನ ಡೈನಾಮಿಕ್ ರೇಂಜ್, ಅಂದರೆ ಕತ್ತಲಿನಿಂದ ಬೆಳಕಿನವರೆಗೆ ಒಟ್ಟಿಗೆ ಹಿಡಿಯುವ ವ್ಯಾಪ್ತಿ, ಸಿಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು).

ಪುಕ್ಕಟೆ ಅಲ್ಲ. ತೀರಾ ಬೆಳಕಿನ ಮತ್ತು ತೀರಾ ಕತ್ತಲಿನ ಭಾಗದಲ್ಲಿ ಅರ್ಧದಷ್ಟು ಸಾಲುಗಳ ಮಾಹಿತಿ ಮಾತ್ರ ಇರುತ್ತದೆ, ಸೂಕ್ಷ್ಮ ವಿವರ ಸ್ವಲ್ಪ ಕಳೆದುಹೋಗುತ್ತದೆ. ಕ್ಯಾಮೆರಾದ ಪರದೆಯಲ್ಲಿ ಚಿತ್ರ ಗೆರೆಗೆರೆಯಾಗಿ ಕಾಣುತ್ತದೆ. ಮೊದಲ ಸಲ ನೋಡಿದವರು ಕ್ಯಾಮೆರಾ ಕೆಟ್ಟಿತು ಅಂತ ಗಾಬರಿಯಾಗುತ್ತಾರೆ. ಕೆಟ್ಟಿಲ್ಲ. ಕಂಪ್ಯೂಟರಿನಲ್ಲಿ ಅದಕ್ಕೆಂದೇ ಇರುವ ಚಿಕ್ಕ ಪ್ರೋಗ್ರಾಂ ಮೂಲಕ ಡಿಎನ್‌ಜಿ ಎಂಬ ರಾ ಫೈಲ್‌ಗೆ ಬದಲಿಸಿದರೆ ಸರಿಯಾದ ಚಿತ್ರ ಬರುತ್ತದೆ. ಬೆಳಕಿನ ಅಂತರ ನಿಜಕ್ಕೂ ದೊಡ್ಡದಿದ್ದಾಗ ಮಾತ್ರ ಆನ್ ಮಾಡಿ, ಕೆಲಸ ಮುಗಿದ ಕೂಡಲೇ ಆಫ್ ಮಾಡಿ.

ವಿಡಿಯೊ ಮಾಡುವವರಿಗೆ?

ಮ್ಯಾಜಿಕ್ ಲ್ಯಾಂಟರ್ನ್ ಹುಟ್ಟಿದ್ದೇ ಅವರಿಗಾಗಿ. ಮೊದಲು ಆಡಿಯೊ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನನ್ನನ್ನು ಮ್ಯಾಜಿಕ್ ಲ್ಯಾಂಟರ್ನ್‌ಗೆ ಕರೆತಂದದ್ದು ಅದೇ.

ರಾತ್ರಿ ಬಯಲಾಟ ರೆಕಾರ್ಡ್ ಮಾಡುತ್ತಿದ್ದೆ. 550ಡಿಯಲ್ಲಿ ಧ್ವನಿಯ ಮಟ್ಟವನ್ನು ಕ್ಯಾಮೆರಾವೇ ಏರಿಸಿ ಇಳಿಸುತ್ತದೆ. ನಮ್ಮ ಕೈಗೆ ಅದರ ಹಿಡಿತ ಇಲ್ಲ. ಚೆಂಡೆ ಬಿದ್ದ ಕೂಡಲೇ ಅದು ಧ್ವನಿ ತಗ್ಗಿಸಿಬಿಡುತ್ತದೆ. ಚೆಂಡೆ ನಿಂತು ಭಾಗವತರು ಪದ ಎತ್ತಿಕೊಂಡಾಗ ಅವರ ದನಿ ಎರಡು ಊರಿನಾಚೆಯಿಂದ ಬಂದಂತೆ ಕೇಳುತ್ತದೆ. ನಿಧಾನಕ್ಕೆ ಧ್ವನಿ ಮೇಲೇರುತ್ತದೆ, ಅದರ ಜೊತೆ ಸುಯ್ ಅನ್ನುವ ಸದ್ದೂ ಮೇಲೇರುತ್ತದೆ. ಅಷ್ಟರಲ್ಲಿ ಮತ್ತೆ ಚೆಂಡೆ. ಇಡೀ ರಾತ್ರಿಯ ರೆಕಾರ್ಡಿಂಗ್ ಹೀಗೆ ಉಸಿರಾಡುತ್ತಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಒದ್ದಾಡಿದರೂ ಅದನ್ನು ಸರಿಮಾಡಲು ಆಗಲಿಲ್ಲ.

ಮ್ಯಾಜಿಕ್ ಲ್ಯಾಂಟರ್ನ್‌ನಲ್ಲಿ ಈ ತಾನಾಗಿ ಏರಿಳಿಯುವುದನ್ನು ನಿಲ್ಲಿಸಬಹುದು. ಪರದೆಯ ಮೇಲೆ ಆಡಿಯೊ ಮೀಟರ್ ಬರುತ್ತದೆ. ಚೆಂಡೆಯ ಅತಿ ಜೋರಿನ ಪೆಟ್ಟಿಗೆ ಮೀಟರ್ ಕೆಂಪು ಮುಟ್ಟದಂತೆ ಮಟ್ಟ ಇಟ್ಟು, ಹೊರಗಿನ ಮೈಕ್ ಸಿಕ್ಕಿಸಿ ಬಿಟ್ಟುಬಿಡಿ. ಮುಂದಿನ ಆಟದಲ್ಲಿ ಹಾಗೆ ಮಾಡಿದೆ. ಮದ್ದಳೆಯ ನುಡಿತ, ಭಾಗವತರ ಉಸಿರು, ಚೆಂಡೆ, ಎಲ್ಲ ತಮ್ಮ ತಮ್ಮ ಅಳತೆಯಲ್ಲಿ ಬಂದವು. ಕ್ಯಾಮೆರಾ ಅದೇ, ಮೈಕೂ ಅದೇ.

ಚಿತ್ರದ ವಿಷಯಕ್ಕೆ ಬಂದರೆ: ಝೀಬ್ರಾ, ಅಂದರೆ ಬೆಳಕು ಸುಟ್ಟುಹೋದ ಜಾಗದಲ್ಲಿ ಪಟ್ಟೆಗಳು. ಫೋಕಸ್ ಪೀಕಿಂಗ್, ಅಂದರೆ ಫೋಕಸ್ ಆದ ಅಂಚುಗಳಲ್ಲಿ ಬಣ್ಣದ ಚುಕ್ಕೆಗಳು. ರೆಕಾರ್ಡ್ ಆಗುತ್ತಿರುವಾಗಲೇ ಒಂದು ಭಾಗವನ್ನು ದೊಡ್ಡದಾಗಿ ತೋರಿಸುವ ಮ್ಯಾಜಿಕ್ ಝೂಮ್. ಹಳೆಯ ಮ್ಯಾನುಯಲ್ ಲೆನ್ಸ್ ಇಟ್ಟುಕೊಂಡವರಿಗೆ ಫೋಕಸ್ ಪೀಕಿಂಗ್ ಇಲ್ಲದೆ ವಿಡಿಯೊ ಮಾಡುವುದೇ ಕಷ್ಟ. ಶಟರ್ ವೇಗವನ್ನು ಚೂರುಚೂರೇ ಬದಲಿಸುವ ಸೌಲಭ್ಯವೂ ಇದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್ ಕೆಳಗೆ ವಿಡಿಯೊದಲ್ಲಿ ಪಟ್ಟಿ ಓಡುವುದು ಇದರಿಂದಲೇ. ಶಟರ್ 1/50ರಲ್ಲಿ ಇಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ. ಕೆಲವು ಎಲ್‌ಇಡಿ ದೀಪಗಳಿಗೆ ಮಾತ್ರ ಸೂಕ್ಷ್ಮವಾಗಿ ಹೊಂದಿಸಬೇಕಾಗುತ್ತದೆ.

ರಾ ವಿಡಿಯೊ ನಿಜಕ್ಕೂ ಬರುತ್ತಾ?

ಬರುತ್ತದೆ, ಆದರೆ ಎಲ್ಲ ಕ್ಯಾಮೆರಾದಲ್ಲಿ ಒಂದೇ ಥರ ಅಲ್ಲ. 2013ರ ಮೇ ತಿಂಗಳಲ್ಲಿ 5ಡಿ ಮಾರ್ಕ್ 3ರಲ್ಲಿ 14 ಬಿಟ್ ರಾ ವಿಡಿಯೊ ಹೊರಬಂದಾಗ ದೊಡ್ಡ ಸುದ್ದಿಯಾಯಿತು. ಅಲ್ಲಿಯವರೆಗೆ ಆ ಕ್ಯಾಮೆರಾ ಕೊಡುತ್ತಿದ್ದುದು ಒತ್ತಿ ಚಿಕ್ಕದು ಮಾಡಿದ 8 ಬಿಟ್ ವಿಡಿಯೊ. ಬಿಟ್ ಹೆಚ್ಚಿದಷ್ಟೂ ಬೆಳಕು, ಬಣ್ಣದ ಮಟ್ಟಗಳು ಹೆಚ್ಚು.

ಕಾರ್ಡಿನ ಲೆಕ್ಕ ನೋಡಿ. 1920 ಗುಣಿಸು 1080 ಪಿಕ್ಸೆಲ್, ಪ್ರತಿಯೊಂದಕ್ಕೂ 14 ಬಿಟ್. ಒಂದು ಫ್ರೇಮ್‌ಗೆ ಸುಮಾರು 3.6 ಎಂಬಿ. ಸೆಕೆಂಡಿಗೆ 24 ಫ್ರೇಮ್ ಅಂದರೆ ಸುಮಾರು 87 ಎಂಬಿ. ನಿಮಿಷಕ್ಕೆ 5 ಜಿಬಿ ದಾಟುತ್ತದೆ. 64 ಜಿಬಿ ಕಾರ್ಡ್ ಹನ್ನೆರಡು ನಿಮಿಷಕ್ಕೆ ಮುಗಿಯುತ್ತದೆ. 5ಡಿ ಮಾರ್ಕ್ 3ರ ಸಿಎಫ್ (ಕಾಂಪ್ಯಾಕ್ಟ್ ಫ್ಲ್ಯಾಶ್) ಕಾರ್ಡ್ ಸ್ಲಾಟ್ ಈ ವೇಗವನ್ನು ತಡೆದುಕೊಳ್ಳುತ್ತದೆ. 550ಡಿಯ ಎಸ್‌ಡಿ ಸ್ಲಾಟ್ ಸೆಕೆಂಡಿಗೆ 20 ಎಂಬಿ ಆಸುಪಾಸಿನಲ್ಲೇ ಸುಸ್ತಾಗುತ್ತದೆ. ಎಷ್ಟೇ ದುಬಾರಿ ಕಾರ್ಡ್ ಹಾಕಿದರೂ ಅಷ್ಟೇ, ಮಿತಿ ಇರುವುದು ಕ್ಯಾಮೆರಾದಲ್ಲಿ. ಹಾಗಾಗಿ ಅದರಲ್ಲಿ ಚಿಕ್ಕ ಗಾತ್ರದ ಚಿತ್ರ ಮಾತ್ರ ಸಾಧ್ಯ. 550ಡಿ, 600ಡಿ ಇರುವವರು ರಾ ವಿಡಿಯೊ ಆಸೆಗೆ ಬೀಳಬೇಡಿ. ಉಳಿದ ಸೌಲಭ್ಯಗಳೇ ಸಾಕಷ್ಟಿವೆ.

ಡಿಎಸ್‌ಎಲ್‌ಆರ್ ಇಲ್ಲ, ಹಳೇ ಪವರ್‌ಶಾಟ್ ಇದೆ. ಅದಕ್ಕೂ ಆಗುತ್ತಾ?

ಸಿಎಚ್‌ಡಿಕೆ ಇರುವುದೇ ಅದಕ್ಕೆ. ಜೆಪೆಗ್ ಮಾತ್ರ ಕೊಡುವ ಪುಟ್ಟ ಕ್ಯಾಮೆರಾದಿಂದ ರಾ ಚಿತ್ರ ತೆಗೆಸುತ್ತದೆ. ಲೈವ್ ಹಿಸ್ಟೋಗ್ರಾಮ್, ಬ್ಯಾಟರಿ ಎಷ್ಟಿದೆ ಅನ್ನುವ ಅಂಕಿ, ಒಂದು ನಿಮಿಷದಷ್ಟು ಉದ್ದದ ಎಕ್ಸ್‌ಪೋಶರ್, ಎಲ್ಲ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಸ್ಕ್ರಿಪ್ಟ್ ಬರೆಯಬಹುದು. ಯೂಬೇಸಿಕ್ ಅಥವಾ ಲುವಾ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಕ್ಯಾಮೆರಾ ಹೇಳಿದಂತೆ ಕೇಳುತ್ತದೆ. ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟಿಕೆ ನನಗೆ ಗೊತ್ತಿಲ್ಲ.

2009ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳು ಬಲೂನಿಗೆ ಒಂದು ಪವರ್‌ಶಾಟ್ ಎ470 ಕಟ್ಟಿ ಮೋಡಗಳ ಮೇಲಕ್ಕೆ ಕಳಿಸಿದರು. ತನ್ನಷ್ಟಕ್ಕೆ ಫೋಟೋ ತೆಗೆಯಲು ಅದರಲ್ಲಿ ಇದ್ದದ್ದು ಸಿಎಚ್‌ಡಿಕೆ. ಭೂಮಿಯ ಬಾಗು, ಕಪ್ಪು ಆಕಾಶ, ಎರಡೂ ಆ ಅಗ್ಗದ ಕ್ಯಾಮೆರಾದಲ್ಲಿ ಸೆರೆಯಾದವು. ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ಹೊಲಗದ್ದೆಗಳ ಫೋಟೋ ತೆಗೆಯುವವರೂ ಇದನ್ನೇ ಬಳಸುತ್ತಾರೆ.

ಮಿಂಚು ಹಿಡಿಯುವ ಸ್ಕ್ರಿಪ್ಟ್ ಕೂಡ ಇದೆ. ಚಿತ್ರದಲ್ಲಿ ದಿಢೀರ್ ಬದಲಾವಣೆ ಕಂಡ ಕೂಡಲೇ ಶಟರ್ ಬೀಳುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಕಿಟಕಿಯ ಒಳಗಿನಿಂದ ಪ್ರಯತ್ನಿಸಿ. ತಾರಸಿಗೆ ಮಾತ್ರ ಹೋಗಬೇಡಿ, ಕ್ಯಾಮೆರಾವನ್ನು ಅಲ್ಲಿಟ್ಟು ಬರುವುದೂ ಬೇಡ.

ಇದನ್ನು ಶುರು ಮಾಡುವ ಉಪಾಯವೂ ಚೆನ್ನಾಗಿದೆ. ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಒಂದು ಚಿಕ್ಕ ಲಾಕ್ ಇರುತ್ತದೆ ಅಲ್ವಾ? ಸಿಎಚ್‌ಡಿಕೆಗೆ ಸಿದ್ಧ ಮಾಡಿದ ಕಾರ್ಡಿನ ಆ ಲಾಕ್ ಹಾಕಿ ಕ್ಯಾಮೆರಾಕ್ಕೆ ಹಾಕಿದರೆ ಸಿಎಚ್‌ಡಿಕೆ ತಾನೇ ಏಳುತ್ತದೆ. ಲಾಕ್ ಆಗಿದ್ದರೂ ಫೋಟೋ ಉಳಿಸುತ್ತದೆ. ಲಾಕ್ ತೆಗೆದರೆ ಮಾಮೂಲಿ ಕ್ಯಾಮೆರಾ.

ಕ್ಯಾಮೆರಾ ಕೆಟ್ಟುಹೋದರೆ? ವಾರಂಟಿ?

ಇದಕ್ಕೆ ನೇರವಾಗಿ ಉತ್ತರಿಸುತ್ತೇನೆ. ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತ ಅಲ್ಲ. ಬರೆದವರೇ ಯಾವ ಭರವಸೆಯನ್ನೂ ಕೊಡುವುದಿಲ್ಲ, ಕೆಟ್ಟರೆ ಹೊಣೆ ನಿಮ್ಮದು ಎಂದು ಮೊದಲೇ ಹೇಳುತ್ತಾರೆ. ಇದು ಕಂಪನಿ ಒಪ್ಪಿದ ಸಾಫ್ಟ್‌ವೇರ್ ಅಲ್ಲ, ಹಾಗಾಗಿ ವಾರಂಟಿ ಇರುವ ಕ್ಯಾಮೆರಾದಲ್ಲಿ ತೊಂದರೆಯಾದರೆ ಸರ್ವಿಸ್ ಸೆಂಟರ್‌ನವರು ಆಗಲ್ಲ ಅನ್ನಬಹುದು. ವಾರಂಟಿ ಮುಗಿಯುವವರೆಗೆ ಕಾಯಿರಿ ಅನ್ನುವುದು ನನ್ನ ಸಲಹೆ. ಇದು ಓಡುವ ಕ್ಯಾಮೆರಾಗಳಲ್ಲಿ ಬಹುಪಾಲಿನ ವಾರಂಟಿ ಎಂದೋ ಮುಗಿದಿದೆ.

ಜಾಸ್ತಿ ಆಗುವ ತೊಂದರೆ ಅಂದರೆ ಹ್ಯಾಂಗ್. ಕ್ಯಾಮೆರಾ ಯಾವುದಕ್ಕೂ ಸ್ಪಂದಿಸುವುದಿಲ್ಲ. ಬ್ಯಾಟರಿ ತೆಗೆದು ಹಾಕಿ. ಆಗಲೂ ಏಳದಿದ್ದರೆ ಕಾರ್ಡ್ ತೆಗೆದು ಆನ್ ಮಾಡಿ.

ಹಾಕುವುದು ಹೇಗೆ?

ಮೊದಲು ನಿಮ್ಮ ಕ್ಯಾಮೆರಾದ ಕ್ಯಾನನ್ ಫರ್ಮ್‌ವೇರ್ ಯಾವ ಆವೃತ್ತಿ ಎಂದು ನೋಡಿ. ಎಂ (ಮ್ಯಾನುಯಲ್) ಮೋಡ್‌ನಲ್ಲಿ ಇಟ್ಟರೆ ಮೆನುವಿನಲ್ಲಿ ಕಾಣುತ್ತದೆ. ಮ್ಯಾಜಿಕ್ ಲ್ಯಾಂಟರ್ನ್ ಒಂದೊಂದು ಮಾಡೆಲ್‌ಗೂ ನಿರ್ದಿಷ್ಟ ಆವೃತ್ತಿಗೇ ಬರೆದದ್ದು. 550ಡಿಗೆ 1.0.9, 60ಡಿಗೆ 1.1.1, 5ಡಿ ಮಾರ್ಕ್ 2ಕ್ಕೆ 2.1.2. ಹೊಂದದೇ ಇದ್ದರೆ ಮೊದಲು ಕ್ಯಾನನ್ ಫರ್ಮ್‌ವೇರ್ ಅನ್ನು ಆ ಆವೃತ್ತಿಗೆ ತನ್ನಿ. ಬೇರೆ ಮಾಡೆಲ್‌ನ ಫೈಲ್ ಅನ್ನು ಯಾವತ್ತೂ ಹಾಕಬೇಡಿ.

ಆಮೇಲೆ ಹೀಗೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಬ್ಯಾಟರಿ ಗ್ರಿಪ್, ವೈಫೈ ಕಾರ್ಡ್ ಇದ್ದರೆ ತೆಗೆಯಿರಿ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಡೌನ್‌ಲೋಡ್ ಮಾಡಿದ ಝಿಪ್ ಬಿಚ್ಚಿ ಒಳಗಿನದನ್ನೆಲ್ಲ ಕಾರ್ಡಿನ ಮೇಲ್ಭಾಗಕ್ಕೆ ಹಾಕಿ, ಯಾವ ಫೋಲ್ಡರ್ ಒಳಗೂ ಬೇಡ. ಕ್ಯಾಮೆರಾಕ್ಕೆ ಹಾಕಿ, ಎಂ ಮೋಡ್‌ನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಒತ್ತಿ. ಆಯಿತು ಎಂದು ಹಸಿರು ಪರದೆ ಬರುವವರೆಗೆ ಏನನ್ನೂ ಮುಟ್ಟಬೇಡಿ. ಬಂದ ಮೇಲೆ ಆಫ್ ಮಾಡಿ ಆನ್ ಮಾಡಿ. ಡಿಲೀಟ್ ಬಟನ್ ಒತ್ತಿ ನೋಡಿ.

ಒಂದು ಅಭ್ಯಾಸ ಮಾತ್ರ ಕಡ್ಡಾಯ ರೂಢಿಸಿಕೊಳ್ಳಿ. ಕಾರ್ಡಿನ ಬಾಗಿಲು ತೆರೆದ ಕೂಡಲೇ ಕಾರ್ಡ್ ಕಿತ್ತುಕೊಳ್ಳಬೇಡಿ. ಕೆಂಪು ದೀಪ ಆರುವವರೆಗೆ ಎರಡು ಮೂರು ಸೆಕೆಂಡ್ ನಿಲ್ಲಿ. ಬಾಗಿಲು ತೆರೆದ ಮೇಲೂ ಒಳಗಿನ ಕೆಲಸ ನಡೆಯುತ್ತಿರುತ್ತದೆ.

ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಹೋಗಿಬಿಡುತ್ತಾ?

ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡುವಾಗ ಮ್ಯಾಜಿಕ್ ಲ್ಯಾಂಟರ್ನ್ ಉಳಿಸಬೇಕಾ ಎಂದು ಕೇಳುತ್ತದೆ. ಉಳಿಸು ಅಂದರೆ ಫೋಟೋಗಳು ಮಾತ್ರ ಹೋಗುತ್ತವೆ. ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದರೆ ಎಲ್ಲವೂ ಹೋಗುತ್ತದೆ, ಮತ್ತೆ ಹಾಕಬೇಕು. ಕಂಪ್ಯೂಟರಿನಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ಫೈಲ್‌ಗಳನ್ನು ಮಾತ್ರ ಕೈಯಾರೆ ಅಳಿಸಿದರೆ ತೊಂದರೆ. ಕ್ಯಾಮೆರಾ ಆ ಕಾರ್ಡಿನಲ್ಲಿ ಇಲ್ಲದ ಫೈಲ್ ಹುಡುಕುತ್ತಾ ನಿಂತುಬಿಡುತ್ತದೆ. ಹಾಗಾದರೆ ಆ ಕಾರ್ಡನ್ನು ಕಂಪ್ಯೂಟರಿನಲ್ಲಿ ಪೂರ್ತಿ ಫಾರ್ಮ್ಯಾಟ್ ಮಾಡಿ.

ತೆಗೆದುಹಾಕುವುದು?

ಮತ್ತೆ ಫರ್ಮ್‌ವೇರ್ ಅಪ್‌ಡೇಟ್‌ಗೆ ಹೋಗಿ, ಪರದೆಯ ಮೇಲೆ ಬರುವ ಸೂಚನೆಯಂತೆ ಮಾಡಿದರೆ ಆ ಬೂಟ್ ಫ್ಲ್ಯಾಗ್ ಹೋಗುತ್ತದೆ.

ದುಡ್ಡು ಕೊಡಬೇಕಾ?

ಬೇಡ. ಮ್ಯಾಜಿಕ್ ಲ್ಯಾಂಟರ್ನ್, ಸಿಎಚ್‌ಡಿಕೆ ಎರಡೂ ಜಿಪಿಎಲ್ ಪರವಾನಗಿಯ ಮುಕ್ತ ಸಾಫ್ಟ್‌ವೇರ್. ಹಾಕಿಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಅದು ಅವರ ಶ್ರಮದ ಕೂಲಿ ಅಷ್ಟೇ. ಅರ್ಧ ಗಂಟೆ ಕೂತರೆ ನೀವೇ ಮಾಡಬಹುದು.

ಮದುವೆ, ನಾಮಕರಣದ ಕೆಲಸಕ್ಕೆ ಬಳಸಬಹುದಾ?

ಬಳಸುವವರು ಇದ್ದಾರೆ. ನಾನು ಹೇಳುವುದು ಇಷ್ಟು: ಝೀಬ್ರಾ, ಪೀಕಿಂಗ್, ಆಡಿಯೊ ಮೀಟರ್, ಇಂಥವನ್ನು ಧೈರ್ಯವಾಗಿ ಬಳಸಿ. ಹೊಸದಾಗಿ ಬಂದ ಪ್ರಯೋಗದ ಆವೃತ್ತಿಯನ್ನು ಹಿಂದಿನ ದಿನ ಹಾಕಿಕೊಂಡು ಹೋಗಬೇಡಿ. ನನಗೆ ಹಾಗೆ ಆಗಿದೆ. ಒಂದು ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ನಿಂತಿತು. ಬ್ಯಾಟರಿ ತೆಗೆದು ಹಾಕುವಷ್ಟರಲ್ಲಿ ಆ ಕ್ಷಣ ಕಳೆದಿತ್ತು. ಮನೆಯವರು ದೊಡ್ಡ ಮನಸ್ಸು ಮಾಡಿ ಇನ್ನೊಮ್ಮೆ ಹೇಳಿದರು, ಆದರೆ ಅದು ಅದೇ ಕ್ಷಣ ಅಲ್ಲವಲ್ಲ. ಆ ದಿನದಿಂದ ಜೇಬಿನಲ್ಲಿ ಮ್ಯಾಜಿಕ್ ಲ್ಯಾಂಟರ್ನ್ ಇಲ್ಲದ ಒಂದು ಕಾರ್ಡ್ ಇಟ್ಟುಕೊಂಡೇ ಹೋಗುತ್ತೇನೆ. ಮರಳಿ ಬರುವುದಿಲ್ಲ ಅನ್ನುವ ಕ್ಷಣಗಳಿಗೆ ಅದನ್ನೇ ಹಾಕುತ್ತೇನೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದರಿಂದ ಸಹಾಯ ಇದೆಯಾ?

ತುಂಬಾ ಇದೆ. ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕ್ಯಾನನ್ ಮೆನು ತೋರಿಸುವುದಿಲ್ಲ. ಮ್ಯಾಜಿಕ್ ಲ್ಯಾಂಟರ್ನ್‌ನ ಡೀಬಗ್ ಪುಟದಲ್ಲಿ ಆ ಸಂಖ್ಯೆ ಇರುತ್ತದೆ. 5ಡಿ ಮಾರ್ಕ್ 2ರ ಶಟರ್‌ಗೆ ಕಂಪನಿ ಹೇಳಿದ ಬಾಳಿಕೆ 1.5 ಲಕ್ಷ ಸಲ. ಮಾರುವವರ ಒಪ್ಪಿಗೆ ಕೇಳಿ, ನಿಮ್ಮ ಕಾರ್ಡಿನಿಂದ ಆ ಕ್ಯಾಮೆರಾಕ್ಕೆ ಮ್ಯಾಜಿಕ್ ಲ್ಯಾಂಟರ್ನ್ ಹಾಕಿ ನೋಡಿ.

ಹಾಗೆಯೇ ಟೈಮ್‌ಲ್ಯಾಪ್ಸ್ ಮಾಡಿದರೆ ಶಟರ್ ಬೇಗ ಸವೆಯುತ್ತಲ್ವಾ ಅಂತ ಕೇಳುತ್ತಾರೆ. ನಿಜ. ನನ್ನ ಒಂದು ಬ್ರಹ್ಮಕಮಲಕ್ಕೇ 1200 ಸಲ. ಅದಕ್ಕೆ ಸೈಲೆಂಟ್ ಪಿಕ್ಚರ್ ಅಂತ ಇದೆ. ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯಲ್ಲಿ ದೃಶ್ಯ ಕಾಣುತ್ತಿರುವಾಗ, ಸೆನ್ಸರ್ ನೋಡುತ್ತಿರುವುದನ್ನೇ ಉಳಿಸುತ್ತದೆ, ಶಟರ್ ಅಲ್ಲಾಡುವುದೇ ಇಲ್ಲ. ಚಿತ್ರದ ಗಾತ್ರ ಚಿಕ್ಕದು, ಟೈಮ್‌ಲ್ಯಾಪ್ಸ್‌ಗೆ ಸಾಕು.

ಯಾವ ಕ್ಯಾಮೆರಾಗಳಿಗೆ ಸಿಗುತ್ತದೆ? ನನ್ನದು ಹೊಸ ಮಿರರ್‌ಲೆಸ್.

5ಡಿ ಮಾರ್ಕ್ 2, 5ಡಿ ಮಾರ್ಕ್ 3, 6ಡಿ, 7ಡಿ, 50ಡಿ, 60ಡಿ, 70ಡಿ, 100ಡಿ, 500ಡಿ, 550ಡಿ, 600ಡಿ, 650ಡಿ, 700ಡಿ, 1100ಡಿ ಮತ್ತು ಮೊದಲ ಇಒಎಸ್ ಎಂ. ಕೆಲವು ವರ್ಷ ಕೆಲಸ ನಿಧಾನವಾಗಿತ್ತು. 2025ರಲ್ಲಿ ಮತ್ತೆ ಚುರುಕಾಗಿ 200ಡಿ, 750ಡಿ, 6ಡಿ ಮಾರ್ಕ್ 2, 7ಡಿ ಮಾರ್ಕ್ 2 ಸೇರಿಕೊಂಡಿವೆ.

ಕ್ಯಾನನ್ನಿನ ಮಿರರ್‌ಲೆಸ್ ಆರ್ ಸರಣಿ ಇದ್ದರೆ ಇದರ ಹಿಂದೆ ಹೋಗಬೇಡಿ. ಫೋಕಸ್ ಪೀಕಿಂಗ್, ಇಂಟರ್ವಲೋಮೀಟರ್ ಥರದ ಎಷ್ಟೋ ಸೌಲಭ್ಯಗಳು ಈಗಿನ ಕ್ಯಾಮೆರಾಗಳಲ್ಲಿ ಕಂಪನಿಯಿಂದಲೇ ಬರುತ್ತಿವೆ. ನಿಕಾನ್ ಇದ್ದವರು ಮೊದಲು ನಿಮ್ಮ ಮೆನುವನ್ನೇ ಪೂರ್ತಿ ನೋಡಿ, ಹಲವು ಮಾಡೆಲ್‌ಗಳಲ್ಲಿ ಇಂಟರ್ವಲೋಮೀಟರ್ ಮೊದಲಿನಿಂದಲೂ ಇದೆ.

ಎಲ್ಲಿಂದ ಶುರು ಮಾಡಲಿ? ಮೆನು ನೋಡಿದರೆ ತಲೆ ತಿರುಗುತ್ತದೆ.

ಮೊದಲ ವಾರ ರಾ ಹಿಸ್ಟೋಗ್ರಾಮ್ ಮಾತ್ರ ಆನ್ ಮಾಡಿ, ಉಳಿದದ್ದೆಲ್ಲ ಆಫ್. ಮನೆಯ ಸುತ್ತ ಮುತ್ತ ಫೋಟೋ ತೆಗೆದು ಅದನ್ನು ಓದಲು ಕಲಿಯಿರಿ. ಎರಡನೇ ವಾರ ಇಂಟರ್ವಲೋಮೀಟರ್. ಟ್ರೈಪಾಡ್ ಇಲ್ಲದಿದ್ದರೆ ಕಿಟಕಿಯ ಕಟ್ಟೆಯ ಮೇಲೆ ಅಕ್ಕಿಯ ಚಿಕ್ಕ ಚೀಲ ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ. ಮೋಡ ಇರುವ ಸಂಜೆ ನೋಡಿ, ಐದು ಸೆಕೆಂಡಿಗೆ ಒಂದು ಫೋಟೋ, ಫೋಕಸ್ ಮ್ಯಾನುಯಲ್, ಎಕ್ಸ್‌ಪೋಶರ್ ಮ್ಯಾನುಯಲ್. ಒಂದು ಗಂಟೆ ಬಿಡಿ. 720 ಫೋಟೋ ಬರುತ್ತವೆ. ಬ್ಯಾಟರಿ ತುಂಬಿದೆಯಾ ಅಂತ ಮಾತ್ರ ಶುರು ಮಾಡುವ ಮೊದಲೇ ನೋಡಿಕೊಳ್ಳಿ.